ಗ್ರಹಣದ ಸ್ನಾನ, ಲಸಿಕೆಯ ಸಾಲು

1980ರ ಫೆಬ್ರುವರಿ 16, ಶನಿವಾರ. ಅಂದು ಇಳಿಹೊತ್ತಿನಲ್ಲಿ ಚಂದ್ರನ ನೆರಳು ಅರಬ್ಬಿ ಸಮುದ್ರವನ್ನು ದಾಟಿ ಉತ್ತರ ಕನ್ನಡದ ಕರಾವಳಿಯನ್ನು ಮುಟ್ಟಿತು. ಅಲ್ಲಿಂದ ಹುಬ್ಬಳ್ಳಿ, ರಾಯಚೂರು ಸೀಮೆಗಳ ಮೇಲೆ ಹಾದು ಆಂಧ್ರದತ್ತ ಸರಿಯಿತು. ಪೂರ್ಣ ಸೂರ್ಯಗ್ರಹಣವೊಂದು ಕರ್ನಾಟಕದ ನಡುವೆ ದಾರಿ ಮಾಡಿಕೊಂಡು ಹೋಗುವುದು ಎಷ್ಟೋ ತಲೆಮಾರುಗಳಿಗೆ ದಕ್ಕದ ಯೋಗ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹುಬ್ಬಳ್ಳಿಯ ಬಳಿಯಲ್ಲೂ ರಾಯಚೂರು ಜಿಲ್ಲೆಯ ಜವಳಗೇರದಲ್ಲೂ ಉಪಕರಣಗಳನ್ನು ಹೂಡಿ ಕಾದಿದ್ದರು. ಎರಡು–ಮೂರು ನಿಮಿಷಗಳ ಕತ್ತಲೆಗಾಗಿ ತಿಂಗಳುಗಟ್ಟಲೆ ಸಿದ್ಧತೆ. ಊರುಗಳಲ್ಲಿ ಮಾತ್ರ ಬೀದಿಗಳು ಬರಿದಾಗಿದ್ದವು. ಕಿಟಕಿ ಬಾಗಿಲು ಮುಚ್ಚಿ, ನೀರಿನ ಕೊಡಕ್ಕೆ ದರ್ಭೆ ಹಾಕಿ, ಬಸುರಿಯರನ್ನು ಒಳಕೋಣೆಯಲ್ಲಿ ಕೂರಿಸಿ ಜನ ಮನೆಯಲ್ಲೇ ಉಳಿದರು. ದೂರದರ್ಶನ ಆ ಹೊತ್ತಿಗೆ ಸರಿಯಾಗಿ ಸಿನಿಮಾ ಹಾಕಿ, ಹೊರಬೀಳಬೇಡಿ ಎಂಬ ಮಾತಿಗೆ ಇಂಬು ಕೊಟ್ಟಿತು. ಬರಿಗಣ್ಣಿನಲ್ಲಿ ನೋಡಿದರೆ ದೃಷ್ಟಿ ಹೋದೀತು ಎಂಬ ವೈದ್ಯರ ಎಚ್ಚರಿಕೆಯೂ ರಾಹುವಿನ ಭಯವೂ ಅಂದು ಒಂದೇ ಬಾಗಿಲ ಹಿಂದೆ ಕೂತಿದ್ದವು.

ಹಾಗೆ ಬಾಗಿಲು ಮುಚ್ಚಿದ ಮನೆಗಳಲ್ಲಿ ತೋಳಿನ ಮೇಲೆ ಸಿಡುಬಿನ ದಾಕಿನ ಗುರುತಿಲ್ಲದ ದೊಡ್ಡವರು ವಿರಳ. ಸಿಡುಬನ್ನು ‘ಅಮ್ಮ’ ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ತಂಬಿಟ್ಟಿನ ಆರತಿ ಎತ್ತಿದ ಕೈಗಳೇ ಮಕ್ಕಳನ್ನು ದಾಕು ಹಾಕುವವನ ಮುಂದೆ ಹಿಡಿದಿದ್ದವು. 1975ರ ನಂತರ ಭಾರತದಲ್ಲಿ ಸಿಡುಬು ಕಾಣಿಸಲಿಲ್ಲ. ಮಾರಮ್ಮನ ಜಾತ್ರೆಯೂ ನಿಲ್ಲಲಿಲ್ಲ. ಗ್ರಹಣದ ವಿಷಯದಲ್ಲಿ ವಿಜ್ಞಾನಿಯ ಮಾತು ಕೇಳದ ಸಂಸಾರ ಲಸಿಕೆಯ ವಿಷಯದಲ್ಲಿ ಕೇಳಿತು. ಈ ಸಂಸಾರಕ್ಕೆ ವಿಜ್ಞಾನದಲ್ಲಿ ನಂಬಿಕೆ ಇದೆ ಎನ್ನಬೇಕೋ ಇಲ್ಲ ಎನ್ನಬೇಕೋ?

ಮೇಲುನೋಟಕ್ಕೆ ಹುಡುಗಾಟಿಕೆಯಂತೆ ಕಾಣುವ ಈ ಪ್ರಶ್ನೆಯ ಸುತ್ತ ಕಳೆದ ಮೂರು–ನಾಲ್ಕು ದಶಕಗಳಲ್ಲಿ ಸಮಾಜಶಾಸ್ತ್ರಜ್ಞರು, ಮನಶ್ಶಾಸ್ತ್ರಜ್ಞರು, ಇತಿಹಾಸಕಾರರು ಸಾಕಷ್ಟು ದುಡಿದಿದ್ದಾರೆ. ಅದಕ್ಕೆ ಮುನ್ನ ಉತ್ತರ ಎಲ್ಲರಿಗೂ ಗೊತ್ತಿದ್ದಂತಿತ್ತು. ಧರ್ಮ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು, ತಕ್ಕಡಿಯ ತಟ್ಟೆಗಳ ಹಾಗೆ. ಈ ಚಿತ್ರವನ್ನು ಗಟ್ಟಿಗೊಳಿಸಿದ್ದು ಅಮೆರಿಕದ ಎರಡು ಪುಸ್ತಕಗಳು: 1874ರಲ್ಲಿ ಬಂದ ಜಾನ್ ವಿಲಿಯಂ ಡ್ರೇಪರ್ ಅವರದು, 1896ರಲ್ಲಿ ಬಂದ ಆಂಡ್ರೂ ಡಿಕ್ಸನ್ ವೈಟ್ ಅವರದು. ಧರ್ಮ–ವಿಜ್ಞಾನಗಳದು ನಿರಂತರ ಯುದ್ಧ ಎಂಬುದು ಇಬ್ಬರ ಪ್ರತಿಪಾದನೆ. ಕೊಲಂಬಸ್ಸನ ಕಾಲದ ಪಂಡಿತರು ಭೂಮಿ ಚಪ್ಪಟೆ ಎಂದು ನಂಬಿದ್ದರು ಎಂಬ ಕತೆಯನ್ನು ನಮ್ಮಲ್ಲಿ ಎಷ್ಟೋ ಮಂದಿ ಶಾಲೆಯಲ್ಲಿ ಕೇಳಿದ್ದೇವೆ. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಕತೆ. ಆ ಪಂಡಿತರಿಗೆ ಭೂಮಿ ಗುಂಡಗಿರುವುದು ಚೆನ್ನಾಗಿ ಗೊತ್ತಿತ್ತು. ಡ್ರೇಪರ್, ವೈಟ್ ಕಟ್ಟಿದ ಚಿತ್ರವನ್ನು ವಿಜ್ಞಾನದ ಇತಿಹಾಸಕಾರರು ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ಕೈಬಿಟ್ಟರು. ಸಾರ್ವಜನಿಕ ಚರ್ಚೆ ಇನ್ನೂ ಕೈಬಿಟ್ಟಿಲ್ಲ.

ಈ ಚಿತ್ರಕ್ಕೆ ಅಂಟಿಕೊಂಡೇ ಬಂದ ಇನ್ನೊಂದು ಊಹೆಯಿದೆ. ಜನ ವಿಜ್ಞಾನವನ್ನು ಒಪ್ಪದಿರುವುದು ತಿಳಿವಳಿಕೆಯ ಕೊರತೆಯಿಂದ, ತಿಳಿವಳಿಕೆ ತುಂಬಿದರೆ ಸಂಶಯ ತಾನಾಗಿ ಹೋಗುತ್ತದೆ ಎನ್ನುವುದು. ವಿದ್ವಾಂಸರು ಇದನ್ನು ‘ಕೊರತೆಯ ಮಾದರಿ’ ಎನ್ನುತ್ತಾರೆ. ಖಾಲಿ ಕೊಡಕ್ಕೆ ನೀರು ತುಂಬುವ ಲೆಕ್ಕ.

ನಮ್ಮಲ್ಲಿ ಈ ಕೆಲಸವನ್ನು ಅತ್ಯಂತ ನಿಷ್ಠೆಯಿಂದ ಕೈಗೆತ್ತಿಕೊಂಡವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಖಾದಿಯುಟ್ಟು ಬಾಳಿದ ಬ್ರಹ್ಮಚಾರಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಡ್ಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಅವರು ಸಮಿತಿಯೊಂದನ್ನು ರಚಿಸಿದರು. ಒಂದು ವಿಶ್ವವಿದ್ಯಾಲಯ ಇಂಥ ಕೆಲಸಕ್ಕೆ ತನ್ನ ಹೆಸರನ್ನು ಒತ್ತೆಯಿಟ್ಟದ್ದು ದೇಶದಲ್ಲೇ ಅಪರೂಪ. ಪಾಂಡವಪುರದಲ್ಲಿ ವಿಭೂತಿ ಉದುರಿಸುತ್ತಿದ್ದ ಬಾಲಕನೊಬ್ಬನ ಬಳಿಗೆ ಸಮಿತಿ ಹೋಯಿತು. ಆ ವಿಭೂತಿ ಉಡುಪಿನೊಳಗಿಂದಲೇ ಬರುತ್ತಿತ್ತೆಂದು ತೋರಿಸಿಕೊಟ್ಟಿತು. ನರಸಿಂಹಯ್ಯನವರು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದು, ಸಮಿತಿಯ ಮುಂದೆ ತಮ್ಮ ಶಕ್ತಿಯನ್ನು ತೋರಿಸಬೇಕೆಂದು ಕೋರಿದರು. ಪತ್ರಗಳಿಗೆ ಉತ್ತರ ಬರಲಿಲ್ಲ. ಇಂದ್ರಿಯಗಳಿಗೆ ನಿಲುಕುವುದಷ್ಟೇ ವಿಜ್ಞಾನದ ಕ್ಷೇತ್ರ ಎಂಬ ಅರ್ಥದ ಮಾತು ಮಾತ್ರ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಬಂತು. ಪತ್ರಿಕೆಗಳಲ್ಲಿ ವಾಗ್ವಾದ ಕಾವೇರಿತು. ಮರುವರ್ಷ ನರಸಿಂಹಯ್ಯನವರ ಅವಧಿ ಮುಗಿಯಿತು, ಸಮಿತಿಯೂ ಮುಗಿಯಿತು.

ಬಾಬಾ ಅವರ ಭಕ್ತರ ಸಂಖ್ಯೆ ಅದರಿಂದ ಕಡಿಮೆಯಾಗಲಿಲ್ಲ. ಅವರಲ್ಲಿ ವಿಜ್ಞಾನಿಗಳಿದ್ದರು, ವೈದ್ಯರಿದ್ದರು, ವಿಶ್ವವಿದ್ಯಾಲಯಗಳನ್ನು ನಡೆಸಿದವರಿದ್ದರು. ಖಾಲಿ ಕೊಡದ ಲೆಕ್ಕ ಕೈಕೊಡುವುದು ಇಲ್ಲೇ. ಈ ಕೊಡಗಳೆಲ್ಲ ತುಂಬಿದ ಕೊಡಗಳು.

ಹಾಗಾದರೆ ಭಕ್ತರ ತಲೆಯಲ್ಲಿ ನಿಜವಾಗಿ ಏನಿರುತ್ತದೆ? ಇದನ್ನು ತಿಳಿಯಲು ಗೌಹರ್ ರಝಾ ಮತ್ತು ಅವರ ಸಂಗಡಿಗರು ಒಂದು ಸರಳವಾದ, ಆದರೆ ಯಾರಿಗೂ ಹೊಳೆಯದಿದ್ದ ಕೆಲಸ ಮಾಡಿದರು. ಅವರು ದೆಹಲಿಯಲ್ಲಿ ನಿಸ್ಟಾಡ್ಸ್ ಎಂಬ ಹೆಸರಿನಿಂದ ನಡೆಯುತ್ತಿದ್ದ ವಿಜ್ಞಾನ ನೀತಿಯ ಅಧ್ಯಯನ ಸಂಸ್ಥೆಯವರು. ಆಗ ಅಲಹಾಬಾದ್ ಎನಿಸಿಕೊಂಡಿದ್ದ ಪ್ರಯಾಗದ ಕುಂಭಮೇಳಕ್ಕೆ 1989ರಲ್ಲಿ ಪ್ರಶ್ನಾವಳಿ ಹಿಡಿದು ಹೋದರು. ಮುಂದಿನ ಮೇಳಗಳಿಗೂ ಮತ್ತೆ ಮತ್ತೆ ಹೋದರು. ಸಂಗಮದಲ್ಲಿ ಮಿಂದು ಬಂದವರನ್ನು ಕೇಳಿದರು: ಭೂಮಿಯ ಆಕಾರ ಯಾವುದು? ಹಗಲು ರಾತ್ರಿ ಹೇಗೆ ಆಗುತ್ತವೆ? ಗ್ರಹಣ ಯಾಕೆ ಹಿಡಿಯುತ್ತದೆ? ಕಾಯಿಲೆ ಹೇಗೆ ಬರುತ್ತದೆ?

ಪುಣ್ಯಸ್ನಾನಕ್ಕೆ ಬಂದವರು ಎಲ್ಲಕ್ಕೂ ಪುರಾಣವನ್ನೇ ಹೇಳುತ್ತಾರೆ ಎಂದುಕೊಂಡಿದ್ದರೆ ಆ ಎಣಿಕೆ ತಪ್ಪುತ್ತಿತ್ತು. ಒಬ್ಬನೇ ಯಾತ್ರಿಕ ಒಂದು ಪ್ರಶ್ನೆಗೆ ಪಠ್ಯಪುಸ್ತಕದ ಉತ್ತರ, ಇನ್ನೊಂದಕ್ಕೆ ಪುರಾಣದ ಉತ್ತರ, ಮತ್ತೊಂದಕ್ಕೆ ‘ಗೊತ್ತಿಲ್ಲ’ ಎಂಬ ಪ್ರಾಮಾಣಿಕ ಉತ್ತರ ಕೊಡುತ್ತಿದ್ದ. ಶಾಲೆಯಲ್ಲಿ ಕಳೆದ ವರ್ಷಗಳು ಹೆಚ್ಚಿದಂತೆ ವೈಜ್ಞಾನಿಕ ಉತ್ತರಗಳೂ ಹೆಚ್ಚುತ್ತಿದ್ದವು ಎಂಬುದು ನಿಜ. ಕೊರತೆಯ ಮಾದರಿ ಪೂರ್ತಿ ಸುಳ್ಳಲ್ಲ. ಆದರೆ ಯಾವ ಪ್ರಶ್ನೆ ಎಂಬುದೂ ಅಷ್ಟೇ ಮುಖ್ಯವಾಗಿತ್ತು. ಇದನ್ನು ವಿವರಿಸಲು ರಝಾ ತಂಡ ‘ಸಾಂಸ್ಕೃತಿಕ ದೂರ’ ಎಂಬ ಪರಿಕಲ್ಪನೆಯನ್ನು ಬಳಸಿತು. ಒಂದು ವಿಚಾರ ಎಷ್ಟು ಜಟಿಲ, ಅದರ ಮೇಲೆ ಮನುಷ್ಯನಿಗೆ ಎಷ್ಟು ಹಿಡಿತವಿದೆ, ಅದು ಬದುಕನ್ನು ಎಷ್ಟು ಬಲವಾಗಿ ತಟ್ಟುತ್ತದೆ, ಇವುಗಳ ಮೇಲೆ ಆ ವಿಚಾರ ಜನರಿಂದ ಎಷ್ಟು ದೂರದಲ್ಲಿದೆ ಎಂಬುದು ನಿರ್ಧಾರವಾಗುತ್ತದೆ. ಮಗುವಿನ ಜ್ವರ ಹತ್ತಿರದ್ದು, ನಕ್ಷತ್ರಲೋಕ ದೂರದ್ದು. ಹತ್ತಿರದ ವಿಷಯದಲ್ಲಿ ವಿಜ್ಞಾನ ಬೇಗ ಮನೆಯೊಳಗೆ ಬರುತ್ತದೆ, ಏಕೆಂದರೆ ಅದರಿಂದ ಆಗುವ ಉಪಯೋಗ ಕಣ್ಣಿಗೆ ಕಾಣುತ್ತದೆ. ಗ್ರಹಣ ಹೇಗಾಗುತ್ತದೆಂದು ತಿಳಿದರೂ ತಿಳಿಯದಿದ್ದರೂ ಸಾಮಾನ್ಯ ಸಂಸಾರದಲ್ಲಿ ಮರುದಿನದ ಗಂಜಿಗೆ ವ್ಯತ್ಯಾಸವಿಲ್ಲ. ಪುರಾಣ ಅಂಥ ಕಡೆ ನೆಮ್ಮದಿಯಾಗಿ ಉಳಿದುಕೊಳ್ಳುತ್ತದೆ.

ಅದು ಉಳಿದುಕೊಳ್ಳುವುದು ತಿಳಿಯದವರ ಮನೆಯಲ್ಲಷ್ಟೇ ಅಲ್ಲ. ನಮ್ಮ ಪಂಚಾಂಗಗಳನ್ನೇ ನೋಡಿ. ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷಗಳ ಕಾಲವನ್ನು ನೆರಳಿನ ಗಣಿತದಿಂದ ಲೆಕ್ಕ ಹಾಕಿ ಅಚ್ಚು ಮಾಡಿರುತ್ತಾರೆ. ಅದರ ಕೆಳಗೇ ಯಾವ ನಕ್ಷತ್ರದವರು ಶಾಂತಿ ಮಾಡಿಸಬೇಕು ಎಂಬ ಪಟ್ಟಿ. ಆರ್ಯಭಟ ಸುಮಾರು 1500 ವರ್ಷಗಳ ಹಿಂದೆಯೇ ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು, ಸೂರ್ಯನನ್ನು ಮುಚ್ಚುವುದು ಚಂದ್ರ ಎಂದು ಬರೆದಿದ್ದ. ಅವನ ನಂತರದ ಬ್ರಹ್ಮಗುಪ್ತ ಗ್ರಹಣದ ಲೆಕ್ಕವನ್ನು ಅದೇ ನೆರಳಿನ ರೀತಿಯಲ್ಲಿ ಮಾಡಿಯೂ ರಾಹುವನ್ನು ಅಲ್ಲಗಳೆದವರನ್ನು ಟೀಕಿಸಿದ. ಹನ್ನೊಂದನೆಯ ಶತಮಾನದಲ್ಲಿ ಅಲ್‌ಬಿರೂನಿ ಇದನ್ನು ಓದಿ, ಇಷ್ಟು ಬಲ್ಲ ಗಣಿತಜ್ಞ ಹೀಗೇಕೆ ಬರೆದ ಎಂದು ಬೇಸರಪಟ್ಟುಕೊಂಡ. ಬ್ರಹ್ಮಗುಪ್ತನಿಗೆ ಪುರೋಹಿತರ ಭಯವಿತ್ತೋ, ಅಥವಾ ಎರಡೂ ಮಾತು ಅವನಿಗೆ ಏಕಕಾಲಕ್ಕೆ ನಿಜವೆನಿಸಿದ್ದವೋ, ಯಾರು ಬಲ್ಲರು!

ಈ ಎರಡನೆಯ ಸಾಧ್ಯತೆಗೆ ಮೈಸೂರಿನಲ್ಲೇ ಒಂದು ಉದಾಹರಣೆಯಿದೆ. ಕವಿ, ವಿದ್ವಾಂಸ ಎ.ಕೆ. ರಾಮಾನುಜನ್ ಭಾರತೀಯರ ಯೋಚನೆಯ ಕ್ರಮವನ್ನು ಕುರಿತು 1989ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ತಮ್ಮ ತಂದೆಯ ಚಿತ್ರ ಕೊಟ್ಟಿದ್ದಾರೆ. ತಂದೆ ಗಣಿತದ ಪ್ರಾಧ್ಯಾಪಕರು. ಖಗೋಳಶಾಸ್ತ್ರವನ್ನೂ ಬಲ್ಲವರು, ಜಾತಕವನ್ನೂ ಬರೆಯುವವರು. ವಿಲಾಯತಿಯ ಗಣಿತಜ್ಞರೂ ಅವರನ್ನು ಕಾಣಲು ಬರುತ್ತಿದ್ದರು, ಪಂಚೆಯುಟ್ಟ ಜೋಯಿಸರೂ ಬರುತ್ತಿದ್ದರು. ಆಗಿನ್ನೂ ಎಳೆಯ ವಿಚಾರವಾದಿಯಾಗಿದ್ದ ಮಗನಿಗೆ ಇದು ಸಹಿಸದು. ಹೊಸದಾಗಿ ಸಿಕ್ಕ ನೆಪ್ಚೂನ್, ಪ್ಲೂಟೊಗಳಿಗೆ ನಿಮ್ಮ ನವಗ್ರಹದಲ್ಲಿ ಜಾಗವೆಲ್ಲಿ ಎಂದು ಕೇಳಿದ. ಮಿದುಳಿಗೆ ಎರಡು ಹೋಳುಗಳಿವೆಯಲ್ಲವೇ ಎಂಬರ್ಥದ ನಗೆಯ ಉತ್ತರ ಬಂತಂತೆ.

ಬೆಂಗಳೂರಿನ ಒಂದು ಹೆಸರಾಂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಗಳಲ್ಲಿ ಬಹುಕಾಲ ಓಡಾಡಿ ಸಮಾಜಶಾಸ್ತ್ರಜ್ಞ ರೆನ್ನಿ ಥಾಮಸ್ ಬರೆದ ಪುಸ್ತಕ ಈಚೆಗೆ, 2021ರ ಹೊತ್ತಿಗೆ, ಬಂದಿದೆ. ವಿಜ್ಞಾನಿಗಳ ನಡುವೆ ಕೂತು, ಅವರು ದೇವರ ಬಗ್ಗೆ ಏನೆನ್ನುತ್ತಾರೆ ಎಂಬುದರ ಜೊತೆಗೆ ಏನು ಮಾಡುತ್ತಾರೆ ಎಂಬುದನ್ನೂ ಅವರು ಗಮನಿಸಿದರು. ಆಯುಧಪೂಜೆಯ ದಿನ ಪ್ರಯೋಗಾಲಯದ ಯಂತ್ರಗಳಿಗೂ ಕುಂಕುಮ, ಹೂವು. ಇದನ್ನು ಭಕ್ತಿಯಿಂದ ಮಾಡುವವರುಂಟು, ನೌಕರರ ಸಂತೋಷಕ್ಕೆ ಎನ್ನುವವರುಂಟು, ಸಂಸ್ಕೃತಿ ಎಂದು ಕೈಮುಗಿದು ಪ್ರಸಾದ ತಿನ್ನುವ ನಾಸ್ತಿಕರೂ ಉಂಟು. ಪಶ್ಚಿಮದ ಯುದ್ಧದ ಕತೆಯಲ್ಲಿ ಇವರಿಗೆ ಪಾತ್ರವೇ ಇಲ್ಲ. ಅವರನ್ನು ಕೇಳಿದರೆ ಯುದ್ಧ ಎಲ್ಲಿದೆ ಎಂದು ನಮ್ಮನ್ನೇ ಕೇಳಿಯಾರು.

ಇಷ್ಟನ್ನು ಓದಿ, ಹಾಗಾದರೆ ಎಲ್ಲ ಸುಖವಾಗಿದೆ ಎಂದು ಕೂತರೆ ಆಗುವುದಿಲ್ಲ. ವಿದ್ವಾಂಸರು ಕೆಲವೊಮ್ಮೆ ಈ ಎರಡು ಹೋಳಿನ ಬದುಕನ್ನು ತುಸು ಹೆಚ್ಚೇ ಮೆಚ್ಚಿಕೊಳ್ಳುತ್ತಾರೆಂದು ನನ್ನ ಭಾವನೆ. ಪ್ರಾಧ್ಯಾಪಕರ ಮಿದುಳಿನ ಎರಡು ಹೋಳುಗಳು ಪರಸ್ಪರ ತಂಟೆಗೆ ಹೋಗದಿದ್ದರೆ ಯಾರಿಗೂ ಕೇಡಿಲ್ಲ. ಆದರೆ 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗುಗಳಲ್ಲಿ ಜನ ಗುಂಪುಗೂಡಿ ಕಂಕಣ ಸೂರ್ಯಗ್ರಹಣವನ್ನು ನೋಡುತ್ತಿದ್ದ ಹೊತ್ತಿನಲ್ಲೇ, ಕಲಬುರ್ಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹಾಗೆ ಹೂತರೆ ಊನ ವಾಸಿಯಾಗುತ್ತದೆಂಬ ನಂಬಿಕೆ. ಇಲ್ಲಿ ನಂಬಿಕೆ ತಾಯಿತಂದೆಯರದು, ಗುಂಡಿ ಮಗುವಿನದು. ಎರಡು ವರ್ಷ ಮೊದಲು, 2017ರಲ್ಲಿ, ಇಂಥ ಅಮಾನವೀಯ ಆಚರಣೆಗಳ ವಿರುದ್ಧ ಕರ್ನಾಟಕದ ವಿಧಾನಮಂಡಲ ಮಸೂದೆಯನ್ನು ಅಂಗೀಕರಿಸಿತ್ತು. ನರಸಿಂಹಯ್ಯನವರು ಪತ್ರ ಬರೆದದ್ದು ವ್ಯರ್ಥವಾಯಿತೆಂದು ಹೇಳುವವರು ಆ ಗುಂಡಿಗಳನ್ನೂ ನೆನೆಯಬೇಕು.

ಆ ತಾಯಿತಂದೆಯರು ವಿಜ್ಞಾನದ ವಿರೋಧಿಗಳೇ? ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವವರೇ ಅವರು ಎಂದು ಊಹಿಸಬಹುದು. ಹಾಗಾದರೆ ‘ವಿಜ್ಞಾನವನ್ನು ಸಂಶಯಿಸುವುದು’ ಎಂದರೇನು? ಈ ಪ್ರಶ್ನೆ ಎತ್ತಿಕೊಂಡ ಹೊರದೇಶಗಳ ಸಂಶೋಧನೆಯತ್ತ ಸ್ವಲ್ಪ ತಿರುಗೋಣ.

ಅಮೆರಿಕದಲ್ಲಿ ನಡೆಯುತ್ತ ಬಂದಿರುವ ಒಂದು ದೊಡ್ಡ ಸಾಮಾಜಿಕ ಸಮೀಕ್ಷೆಯ 1974ರಿಂದ 2010ರವರೆಗಿನ ಉತ್ತರಗಳನ್ನು ಗಾರ್ಡನ್ ಗೌಚಾಟ್ ಎಂಬ ಸಮಾಜಶಾಸ್ತ್ರಜ್ಞರು 2012ರಲ್ಲಿ ವಿಶ್ಲೇಷಿಸಿದರು. 1970ರ ದಶಕದಲ್ಲಿ ಅಲ್ಲಿನ ರಾಜಕೀಯ ಸಂಪ್ರದಾಯವಾದಿಗಳಿಗೆ ವಿಜ್ಞಾನದ ಮೇಲೆ ಇತರರಿಗಿಂತ ಹೆಚ್ಚು ನಂಬಿಕೆಯಿತ್ತು. ಅವಧಿಯ ಕೊನೆಗೆ ಅವರದೇ ಎಲ್ಲರಿಗಿಂತ ಕಡಿಮೆ. ಬೈಬಲ್ ಆಗ ಇದ್ದದ್ದೇ ಈಗಲೂ ಇದೆ. ಬದಲಾದದ್ದು ವಿಜ್ಞಾನಕ್ಕೂ ಸರ್ಕಾರದ ಕಟ್ಟಳೆಗಳಿಗೂ ಇದ್ದ ಸಂಬಂಧ, ಪರಿಸರ ಕಾನೂನು, ರಾಜಕೀಯ. ಇನ್ನೂ ಬೆಚ್ಚಿಸುವ ಸಂಗತಿಯೆಂದರೆ ಈ ಇಳಿತ ಆ ಗುಂಪಿನ ಓದಿದವರಲ್ಲೇ ಹೆಚ್ಚು ಎದ್ದು ಕಂಡಿತು. ಜಾನ್ ಇವಾನ್ಸ್ ಎಂಬ ಇನ್ನೊಬ್ಬ ವಿದ್ವಾಂಸರು 2018ರ ಪುಸ್ತಕದಲ್ಲಿ, ಅಲ್ಲಿನ ಕಟ್ಟಾ ಕ್ರೈಸ್ತರ ತಕರಾರು ವಿಜ್ಞಾನಿಗಳ ಜ್ಞಾನದ ಬಗೆಗಲ್ಲ, ಅವರ ನೀತಿಯ ಬಗೆಗೆ ಎಂದು ವಾದಿಸಿದರು. ವಿಜ್ಞಾನಿಗೆ ಗೊತ್ತಿಲ್ಲ ಎಂಬುದಲ್ಲ, ಗೊತ್ತಿರುವುದನ್ನು ಅವನು ಎಲ್ಲಿಗೆ ಒಯ್ದಾನು ಎಂಬ ಭಯ.

ಅದೇ 2018ರಲ್ಲಿ ನೆದರ್ಲೆಂಡ್ಸಿನ ಮನಶ್ಶಾಸ್ತ್ರಜ್ಞ ಬಾಸ್ತಿಯಾನ್ ರಟ್ಯೆನ್ಸ್ ಮತ್ತು ಸಂಗಡಿಗರು ಸಂಶಯವನ್ನು ಬಿಡಿಬಿಡಿಯಾಗಿ ಅಳೆದರು. ಹವಾಮಾನದ ಬದಲಾವಣೆಯನ್ನು ನಂಬದಿರುವುದು ರಾಜಕೀಯ ನಿಲುವಿನ ಜೊತೆ ಹೋಗುತ್ತಿತ್ತು. ಲಸಿಕೆಯ ಸಂಶಯ ಧಾರ್ಮಿಕತೆಯ ಜೊತೆ. ಕುಲಾಂತರಿ ಆಹಾರದ ಸಂಶಯಕ್ಕೆ ಈ ಎರಡೂ ಕಾರಣವಲ್ಲ, ಅಲ್ಲಿ ವಿಜ್ಞಾನದ ತಿಳಿವಳಿಕೆಯ ಕೊರತೆಯೇ ಮುಂದೆ ಬಂತು. ಮುಂದಿನ ಅಧ್ಯಯನಗಳಲ್ಲಿ, ಲಸಿಕೆಯನ್ನು ಸಂಶಯಿಸುವವರಲ್ಲಿ ಇಗರ್ಜಿಗೆ ಹೋಗುವ ಸಾಂಪ್ರದಾಯಿಕರಿಗಿಂತ ‘ನಾನು ಧಾರ್ಮಿಕನಲ್ಲ, ಆಧ್ಯಾತ್ಮಿಕ’ ಎನ್ನುವ ಹೊಸ ಬಗೆಯವರು ಎದ್ದು ಕಂಡರು. ಬೆಂಗಳೂರಿನ ಕೆಲವು ಬಡಾವಣೆಗಳ ಓದುಗರಿಗೆ ಇದು ಅಪರಿಚಿತವಾಗಿ ತೋರಲಾರದು. ಅಂತೂ ‘ವಿಜ್ಞಾನದ ಸಂಶಯ’ ಎಂಬ ಒಂದೇ ರೋಗವಿಲ್ಲ. ಹಲವು ರೋಗಗಳಿಗೆ ನಾವು ಇಟ್ಟ ಒಂದು ಹೆಸರು ಅದು.

ಬ್ರಿಟನ್ನಿನ ವೆಲ್ಕಮ್ ಸಂಸ್ಥೆ 2018ರಲ್ಲಿ 140ಕ್ಕೂ ಹೆಚ್ಚು ದೇಶಗಳ ಸುಮಾರು 1,40,000 ಮಂದಿಯನ್ನು ಮಾತಾಡಿಸಿ ಸಮೀಕ್ಷೆ ಮಾಡಿಸಿತು. ಲಸಿಕೆ ಸುರಕ್ಷಿತವೇ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಅತ್ಯಂತ ಹೆಚ್ಚು ಅಪನಂಬಿಕೆ ಕಂಡದ್ದು ಎಲ್ಲಿ ಗೊತ್ತೇ? ಫ್ರಾನ್ಸಿನಲ್ಲಿ. ಅಲ್ಲಿ ಮೂವರಲ್ಲಿ ಒಬ್ಬರು ಸುರಕ್ಷಿತವೆಂಬುದನ್ನು ಒಪ್ಪಲಿಲ್ಲ. ಬಾಂಗ್ಲಾದೇಶ, ರುವಾಂಡಾಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದರು. 1905ರಲ್ಲೇ ರಾಜ್ಯವನ್ನೂ ಇಗರ್ಜಿಯನ್ನೂ ಕಾನೂನಿನಿಂದ ಬೇರೆ ಮಾಡಿದ, ಲೂಯಿ ಪಾಶ್ಚರನ ನಾಡು ಫ್ರಾನ್ಸ್. ತಕ್ಕಡಿಯ ಲೆಕ್ಕ ನಿಜವಾಗಿದ್ದರೆ ಪಟ್ಟಿಯಲ್ಲಿ ಅದರ ಜಾಗ ಇನ್ನೊಂದು ತುದಿಯಲ್ಲಿರಬೇಕಿತ್ತು.

ಕಾರಣ ಹುಡುಕಲು ದೇವರ ಕಡೆ ನೋಡಬೇಕಾಗಿಲ್ಲ, ಆ ದೇಶದ ಪತ್ರಿಕೆಗಳ ಹಳೆಯ ಕಡತ ಸಾಕು. 1980ರ ದಶಕದಲ್ಲಿ ಏಡ್ಸ್ ವೈರಸ್ ಇರುವ ರಕ್ತದ ಉತ್ಪನ್ನಗಳನ್ನು, ಅಪಾಯ ತಿಳಿದ ಮೇಲೂ, ಕುಸುಮರೋಗಿಗಳಿಗೆ ಕೊಟ್ಟ ಹಗರಣ ನಡೆಯಿತು. ಅದು ಮಾಜಿ ಪ್ರಧಾನಿಯೊಬ್ಬರನ್ನೂ 1999ರಲ್ಲಿ ನ್ಯಾಯಾಲಯದ ಕಟಕಟೆಗೆ ತಂದಿತು. ಅವರು ದೋಷಮುಕ್ತರಾದರು, ನಂಬಿಕೆ ಮಾತ್ರ ಮುಕ್ತವಾಗಿ ಹೊರಬರಲಿಲ್ಲ. ಹೆಪಟೈಟಿಸ್-ಬಿ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲು ಹೊರಟ ಸರ್ಕಾರ, ಅದರಿಂದ ನರರೋಗ ಬರುತ್ತದೆಂಬ ಗುಲ್ಲೆದ್ದಾಗ 1998ರಲ್ಲಿ ಶಾಲೆಗಳಲ್ಲಿ ಅದನ್ನು ನಿಲ್ಲಿಸಿತು. ಲಸಿಕೆಗೂ ಆ ರೋಗಕ್ಕೂ ಸಂಬಂಧ ಸಾಬೀತಾಗಲಿಲ್ಲ. ಆದರೆ ಸರ್ಕಾರವೇ ಹಿಂಜರಿದದ್ದನ್ನು ಜನ ನೆನಪಿಟ್ಟರು. 2009ರಲ್ಲಿ ಹಂದಿಜ್ವರಕ್ಕೆಂದು 9 ಕೋಟಿ 40 ಲಕ್ಷ ಡೋಸ್ ಖರೀದಿಯಾಯಿತು. ಹಾಕಿಸಿಕೊಂಡವರು ಆರು ಕೋಟಿಗೂ ಮಿಕ್ಕ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಇದರಿಂದ ಲಾಭವಾದದ್ದು ಯಾರಿಗೆ ಎಂದು ಬೀದಿಯ ಮನುಷ್ಯ ಕೇಳಿದ. ಸಂಶಯ ಹುಟ್ಟಿದ್ದು ಲಸಿಕೆಯ ಸೀಸೆಯೊಳಗಲ್ಲ, ಅದನ್ನು ಹಿಡಿದ ಕೈಯ ಬಗೆಗೆ.

ಭಾರತದಲ್ಲಿ ಪರಿಸ್ಥಿತಿ ಇನ್ನೊಂದು ವಿಚಿತ್ರ ತಿರುವು ಪಡೆದಿದೆ. ಡಾರ್ವಿನ್ನನನ್ನು ಪಾಠದಿಂದ ಹೊರಗಿಡಲು ಅಮೆರಿಕದಲ್ಲಿ ನಡೆದಂಥ ನೂರು ವರ್ಷದ ಹೋರಾಟ ನಮ್ಮಲ್ಲಿ ನಡೆಯಲಿಲ್ಲ. ನಮ್ಮಲ್ಲಿ ವಿಜ್ಞಾನಕ್ಕೆ ಮರ್ಯಾದೆ ಎಷ್ಟೆಂದರೆ, ಎಲ್ಲರಿಗೂ ಅದರ ಬಿರುದು ಬೇಕು. ಕಿವಿ ಚುಚ್ಚುವುದಕ್ಕೆ, ಗಂಟೆ ಬಾರಿಸುವುದಕ್ಕೆ, ಎಲೆಯ ತುದಿಯಲ್ಲಿ ಉಪ್ಪು ಬಡಿಸುವುದಕ್ಕೆ, ಎಲ್ಲಕ್ಕೂ ಒಂದು ‘ವೈಜ್ಞಾನಿಕ ಕಾರಣ’ ಹೇಳುವವರಿದ್ದಾರೆ. ಅಜ್ಜಿ ‘ನಮ್ಮಲ್ಲಿ ಹೀಗೇ ನಡೆದು ಬಂದಿದೆ’ ಎನ್ನುತ್ತಿದ್ದಳು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮೊಮ್ಮಗ ಅದಕ್ಕೆ ಕಾಂತಕ್ಷೇತ್ರವನ್ನು ಜೋಡಿಸುತ್ತಾನೆ.

ಇದರ ಮಾದರಿ ಉದಾಹರಣೆಯೂ ನಮ್ಮ ನೆಲದ್ದೇ. ಭರದ್ವಾಜ ಮಹರ್ಷಿಯ ಹೆಸರಿನಲ್ಲಿ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ 1973ರಲ್ಲಿ ಮೈಸೂರಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಅದನ್ನು ಸಾಲುಸಾಲಾಗಿ ಪರೀಕ್ಷಿಸಿದರು. ಭಾಷೆ, ಛಂದಸ್ಸುಗಳನ್ನು ನೋಡಿ ಇದು ಇಪ್ಪತ್ತನೆಯ ಶತಮಾನದ ಆರಂಭದ ರಚನೆ ಎಂದರು. ಅಲ್ಲಿ ವರ್ಣಿಸಿದ ವಿಮಾನಗಳ ತೂಕ, ಆಕಾರ, ಚಾಲನೆಗಳನ್ನು ಲೆಕ್ಕ ಹಾಕಿ ಅವು ಹಾರಲಾರವು ಎಂದು ತೋರಿಸಿದರು. ನಗೆಯಾಡಿ ತಳ್ಳಿಬಿಡಬಹುದಾಗಿದ್ದ ಪುಸ್ತಕವನ್ನು ಹಾಗೆ ತಾಳ್ಮೆಯಿಂದ ಓದಿದ್ದು ನನ್ನ ಮಟ್ಟಿಗೆ ದೊಡ್ಡ ಸೌಜನ್ಯ. ಆದರೂ 41 ವರ್ಷಗಳ ನಂತರ, 2015ರ ಜನವರಿಯಲ್ಲಿ, ಮುಂಬಯಿಯ ಭಾರತೀಯ ವಿಜ್ಞಾನ ಸಮ್ಮೇಳನದ ವೇದಿಕೆಯ ಮೇಲೆ ಅದೇ ವಿಮಾನಗಳು ಮತ್ತೆ ಹಾರಿದವು. ಇಂಥ ಕಡೆ ವಿಜ್ಞಾನದ ಮೇಲಿನ ವಿಶ್ವಾಸವನ್ನು ಸಮೀಕ್ಷೆ ಮಾಡಿದರೆ ಅಂಕಗಳು ಚೆನ್ನಾಗಿಯೇ ಬಂದಾವು. ಆ ವಿಶ್ವಾಸ ವಿಜ್ಞಾನದ ಹೆಸರಿನ ಮೇಲೋ, ಪರೀಕ್ಷಿಸಿ ನೋಡುವ ಅದರ ರೀತಿಯ ಮೇಲೋ ಎಂಬುದನ್ನು ಅಂಕ ಹೇಳುವುದಿಲ್ಲ.

ನಿಜವಾದ ಪರೀಕ್ಷೆ ಬರುವುದು ಬಾಗಿಲಿಗೆ ಯಾರೋ ಬಂದು ನಿಮ್ಮ ಮಗುವನ್ನು ಕೊಡಿ ಎಂದಾಗ. ಮೈಸೂರಿನ ಅರಮನೆಗೂ ಒಮ್ಮೆ ಈ ಪ್ರಶ್ನೆ ಬಂದಿತ್ತು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಒಡೆಯರ ಮನೆತನದ ಮೂವರು ಸ್ತ್ರೀಯರಿದ್ದಾರೆ. ಅವರಲ್ಲಿ ಒಬ್ಬಳು ಸೆರಗು ಸರಿಸಿ ತೋಳನ್ನು ತೋರುತ್ತಿದ್ದಾಳೆ. ಇತಿಹಾಸಕಾರ ನಿಜೆಲ್ ಚಾನ್ಸಲರ್ ಅವರ ಪ್ರಕಾರ ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಹೊಸದಾಗಿ ಬಂದ ಸಿಡುಬಿನ ಲಸಿಕೆ ಹಾಕಿದ ಜಾಗವನ್ನು. ಈ ಅರ್ಥವನ್ನು ಎಲ್ಲರೂ ಒಪ್ಪಿಲ್ಲ. ಒಪ್ಪುವುದಾದರೆ, ಹಸುವಿನ ಕೀವನ್ನು ಮೈಗೆ ಸೇರಿಸುವ ವಿಲಾಯತಿ ವಿದ್ಯೆಗೆ ಜನರಿಂದ ಒಪ್ಪಿಗೆ ಪಡೆಯಲು ಅಂದೇ ಕಂಡುಕೊಂಡ ಉಪಾಯ ರಾಣಿಯ ತೋಳು.

ಎರಡು ಶತಮಾನಗಳ ನಂತರ ಪಶ್ಚಿಮ ಉತ್ತರ ಪ್ರದೇಶದ ಮೊರಾದಾಬಾದ್, ಬದಾಯೂಂ, ಮೇರಠ ಜಿಲ್ಲೆಗಳಲ್ಲಿ ರಾಣಿಯರಿರಲಿಲ್ಲ. 2002ರಲ್ಲಿ ದೇಶದಲ್ಲಿ ಸುಮಾರು 1,600 ಮಕ್ಕಳಿಗೆ ಪೋಲಿಯೊ ತಗಲಿತು, ಅದರ ಬಹುಪಾಲು ಉತ್ತರ ಪ್ರದೇಶದಲ್ಲಿ. ಅಲ್ಲಿ ಮುಸಲ್ಮಾನ ಮಕ್ಕಳ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚಾಗಿತ್ತು. ಹನಿ ಹಾಕುವವರು ಬಂದರೆ ಬಾಗಿಲು ಮುಚ್ಚುತ್ತಿದ್ದರು. ಈ ಹನಿಯಿಂದ ಮಕ್ಕಳು ಮುಂದೆ ಬಂಜೆಯಾಗುತ್ತಾರೆ ಎಂಬ ಗಾಳಿಮಾತು ಹರಡಿತ್ತು. ಮುಲ್ಲಾಗಳ ಮೂಢನಂಬಿಕೆ ಎಂದು ನಗರಗಳಲ್ಲಿ ಸುಲಭವಾಗಿ ತೀರ್ಪು ಕೊಟ್ಟರು. ಆ ಗಾಳಿಮಾತು ಮಾತ್ರ ಯಾವ ಧರ್ಮಗ್ರಂಥದಿಂದಲೂ ಬಂದದ್ದಲ್ಲ. ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಹಳ್ಳಿಗಳನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಎಳೆದೊಯ್ದ ನೆನಪು ಆ ಸೀಮೆಯಲ್ಲಿ ಹಸಿಯಾಗಿತ್ತು. ಅದೇ ಸರ್ಕಾರ, ಅದೇ ಆರೋಗ್ಯ ಇಲಾಖೆ. ಜ್ವರ ಬಂದಾಗ, ಹೆರಿಗೆಯಾದಾಗ ಕಾಣದ ಡಾಕ್ಟರು ಈ ಎರಡು ಹನಿಗಾಗಿ ಮಾತ್ರ ತಿಂಗಳು ತಿಂಗಳೂ ಮನೆಬಾಗಿಲಿಗೆ ಯಾಕೆ ಬರುತ್ತಾನೆ? ಅಕ್ಷರ ಬಾರದ ತಾಯಿಯೊಬ್ಬಳು ಕೇಳಬಹುದಾದ ಇದಕ್ಕಿಂತ ವೈಜ್ಞಾನಿಕವಾದ ಪ್ರಶ್ನೆ ನನಗೆ ತೋಚುವುದಿಲ್ಲ.

ಅವಳ ಇನ್ನೊಂದು ದೂರು, ಏಳೆಂಟು ಸಲ ಹನಿ ಹಾಕಿಸಿದ ಮಕ್ಕಳಿಗೂ ಪೋಲಿಯೊ ಬರುತ್ತಿದೆ ಎಂಬುದು. ಇದನ್ನೂ ಬಹುಕಾಲ ಅಜ್ಞಾನವೆಂದೇ ಎಣಿಸಿದ್ದರು. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಅವಳ ಮಾತಿಗೆ ಮುದ್ರೆ ಒತ್ತಿತು. ಜನದಟ್ಟಣೆ ಮತ್ತು ಪದೇ ಪದೇ ಭೇದಿಯಿರುವ ಆ ಪ್ರದೇಶದಲ್ಲಿ, ಮುಖ್ಯ ಬಗೆಯ ವೈರಸ್ಸಿನ ವಿರುದ್ಧ ಒಂದು ಡೋಸಿನ ಪರಿಣಾಮ ದೇಶದ ಉಳಿದೆಡೆಗಿಂತ ಅರ್ಧಕ್ಕೂ ಕಡಿಮೆಯಿತ್ತು. ವೈರಸ್ಸಿನ ಮೂರೂ ಬಗೆಗಳಿಗೆ ಒಟ್ಟಿಗೆ ಮಾಡಿದ ಹನಿಯ ಬದಲು ಒಂದೊಂದೇ ಬಗೆಗೆ ಗುರಿಯಿಟ್ಟ ಹನಿ 2005ರಿಂದ ಬಂತು. 2010ರಲ್ಲಿ ಎರಡು ಬಗೆಗಳಿಗೆ ಒಟ್ಟಿಗೆ ನಾಟುವ ಹನಿ ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ನಿಲ್ಲುವವರೂ ಬದಲಾಗಿದ್ದರು. ಯುನಿಸೆಫ್ ಮತ್ತಿತರ ಸಂಸ್ಥೆಗಳು ಅದೇ ಓಣಿಯ ಹೆಂಗಸರನ್ನು ಸಾವಿರಾರು ಸಂಖ್ಯೆಯಲ್ಲಿ ಕೆಲಸಕ್ಕೆ ತೆಗೆದುಕೊಂಡವು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾಗಳ ಅಧ್ಯಾಪಕರು ಮನೆಮನೆಗೆ ನಡೆದರು. ಮಸೀದಿಯ ಧ್ವನಿವರ್ಧಕದಲ್ಲಿ ಇಮಾಮರು ಹನಿಯ ದಿನವನ್ನು ಸಾರಿದರು, ತಮ್ಮ ಮಕ್ಕಳಿಗೆ ಜನರೆದುರೇ ಹನಿ ಹಾಕಿಸಿದರು. ಹನಿಯ ಜೊತೆಗೆ ಭೇದಿಯ ಔಷಧಿ, ಕೈತೊಳೆಯುವ ಮಾತು, ಕಕ್ಕಸಿನ ವಿಚಾರಗಳೂ ಬಂದವು. ಯಾರೂ ಯಾರಿಗೂ ನಿಮ್ಮ ದೇವರನ್ನು ಬಿಡಿ ಎನ್ನಲಿಲ್ಲ. ವೈರಸ್ಸಿನ ರಚನೆಯನ್ನು ವಿವರಿಸಿದವರೂ ಕಡಿಮೆ. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಬಂಗಾಳದ ಹಾವಡಾ ಜಿಲ್ಲೆಯಲ್ಲಿ ಜನವರಿ 13ರಂದು ಕಾಲಿನ ಬಲ ಕಳೆದುಕೊಂಡ ಒಂದು ಪುಟ್ಟ ಹುಡುಗಿಯದು. ಅವಳ ನಂತರ ದೇಶದಲ್ಲಿ ಕಾಡುವೈರಸ್ಸಿನಿಂದ ಯಾವ ಮಗುವಿಗೂ ಪೋಲಿಯೊ ಬಂದ ದಾಖಲೆಯಿಲ್ಲ. 2014ರ ಮಾರ್ಚ್ 27ರಂದು ಭಾರತವನ್ನು ಪೋಲಿಯೊಮುಕ್ತವೆಂದು ಘೋಷಿಸಲಾಯಿತು. ಓಣಿಯ ಆ ಹೆಂಗಸರು ಹನಿಯ ಪೆಟ್ಟಿಗೆ ಹೊತ್ತು ಮನೆಮನೆ ತಿರುಗುವುದು ಅದರ ನಂತರವೂ ನಡೆದೇ ಇತ್ತು.